ಅಮ್ಮನ ಮುಂದಿನ ಹಲ್ಲು

ನಾನು ಆ ಮನೆಗೆ ಹೋದದ್ದು ಇರುವುದಕ್ಕಲ್ಲ, ಒಂದೇ ಒಂದು ಪ್ರಶ್ನೆ ಕೇಳುವುದಕ್ಕೆ. ಅಮ್ಮ ಸಾಯುವಾಗ ನೀವು ಯಾಕೆ ಬರಲಿಲ್ಲ? ಅಷ್ಟೇ. ಉತ್ತರ ಸಿಕ್ಕಿದ ಮರುದಿನವೇ ಬ್ಯಾಗು ಹೆಗಲಿಗೇರಿಸಿ ಹಾಸ್ಟೆಲಿಗೆ ಹೊರಡುವುದು ಅಂತ ತೀರ್ಮಾನ ಮಾಡಿಯೇ ಬಸ್ಸು ಹತ್ತಿದ್ದೆ. ಅಮ್ಮನ ಜೊತೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಆಂಟಿ ಹಾಸ್ಟೆಲಿನವರ ಹತ್ತಿರ ಮಾತಾಡಿ ನನಗೆ ಒಂದು ಸೀಟು ಹಿಡಿದಿಟ್ಟಿದ್ದರು. ‘ತಿಂಗಳ ಕೊನೇಲಿ ಹೂಂ ಅಥವಾ ಉಹುಂ ಹೇಳ್ಬೇಕು. ಅಲ್ಲೀವರೆಗೆ ತಾತನ ಮನೇಲಿರು. ಎಷ್ಟಂದ್ರೂ ನಿಮ್ಮಮ್ಮನ ಅಪ್ಪ ಅಲ್ವಾ’ ಅಂದಿದ್ದರು.

ಅಮ್ಮನ ಅಪ್ಪ. ಹದಿನಾರು ವರ್ಷದಲ್ಲಿ ಅವರ ಮುಖ ನಾನು ನೋಡಿರಲಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅಮ್ಮನ ಬಾಯಲ್ಲಿ ಅವರ ಸುದ್ದಿ ಬಂದದ್ದು ನನಗೆ ನೆನಪಿರುವ ಹಾಗೆ ಎರಡೇ ಸಲ, ಎರಡು ಸಲವೂ ‘ಆ ಮನುಷ್ಯ’ ಅಂತಲೇ. ಅಮ್ಮ ಮದುವೆಯಾಗಲು ಹೊರಟವನನ್ನು ಅವರು ಬೇಡ ಅಂದರಂತೆ, ಅಮ್ಮ ಅವನೇ ಬೇಕು ಅಂದಳಂತೆ, ಹಾಗಾದ್ರೆ ಈ ಮೆಟ್ಟಿಲು ಮತ್ತೆ ಹತ್ತಬೇಡ ಅಂದರಂತೆ. ನನಗೆ ಎರಡು ವರ್ಷ ತುಂಬುವ ಮೊದಲೇ ನನ್ನಪ್ಪ ಹೇಳದೆ ಕೇಳದೆ ಕಾಲು ಕಿತ್ತ. ಅಂದರೆ ತಾತ ಹೇಳಿದ್ದು ಸರಿಯೇ ಆಗಿತ್ತು. ತೊಂದರೆಯಾದದ್ದೂ ಅದರಿಂದಲೇ. ಅವರ ಮಾತು ತಪ್ಪಾಗಿದ್ದಿದ್ದರೆ ಅಮ್ಮ ಎಂದೋ ಹೋಗಿ ಜಗಳವಾಡಿ ಬರುತ್ತಿದ್ದಳು.

ತಾತ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಕುಳ್ಳಗೆ, ತೆಳ್ಳಗೆ, ಅಂಗಿಯ ತೋಳಿನ ತುಂಬ ಬಿಳಿ ಪುಡಿ. ಮುಖ ನೋಡುವ ಬದಲು ನನ್ನ ಬಾಯಿ ನೋಡಿದರು.

‘ಕೆಳಗಿನ ಹಲ್ಲು ಒಂದಕ್ಕೊಂದು ಒತ್ಕೊಂಡಿವೆ’ ಅಂದರು.

ಹದಿನಾರು ವರ್ಷದ ಮೊಮ್ಮಗಳಿಗೆ ತಾತನ ಮೊದಲ ಮಾತು ಇದು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಮುಚ್ಚಿಕೊಂಡವಳು ಮನೆ ಸೇರುವವರೆಗೂ ತೆರೆಯಲಿಲ್ಲ. ಅವರೂ ಮಾತಾಡಿಸಲಿಲ್ಲ. ನನ್ನ ಭಾರದ ಬ್ಯಾಗನ್ನು ಕೇಳದೆಯೇ ಎತ್ತಿಕೊಂಡು ಮುಂದೆ ಮುಂದೆ ನಡೆದರು.

ಕಟ್ಟುಹಲ್ಲು ಮಾಡುವುದು ಅವರ ಕಸುಬು. ಬೀದಿಯವರೆಲ್ಲ ಹಲ್ಲಿನ ತಾತ ಅನ್ನುತ್ತಿದ್ದರು. ಕೆಳಗೆ ಕೆಲಸದ ಕೋಣೆ, ಮೇಲೆ ಎರಡು ಕೋಣೆಯ ಮನೆ. ಕೆಲಸದ ಕೋಣೆಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವುದು ಉಗುರುಬಣ್ಣದಂಥ ಘಾಟು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಸಾಲಾಗಿ ಜನರ ಬಾಯಿಗಳು. ನಿಜವಾದ ಬಾಯಲ್ಲ, ಪ್ಲಾಸ್ಟರಿನ ಅಚ್ಚುಗಳು: ಮೇಲಿನ ದವಡೆ, ಕೆಳಗಿನ ದವಡೆ, ಹಲ್ಲಿರುವವು, ಹಲ್ಲಿಲ್ಲದವು. ಪ್ರತಿಯೊಂದರ ತಳದಲ್ಲಿ ಪೆನ್ಸಿಲಿನಲ್ಲಿ ಹೆಸರು, ತಾರೀಕು. ಇಷ್ಟು ಬಾಯಿಗಳ ನಡುವೆ ಕೂತು ಆ ಮನುಷ್ಯ ದಿನಕ್ಕೆ ಹತ್ತು ಮಾತು ಆಡುತ್ತಿರಲಿಲ್ಲ.

ಅವತ್ತೇ ಊಟಕ್ಕೆ ಕೂತಾಗ ಕೇಳಿಬಿಟ್ಟೆ. ಕಾಯುವ ತಾಳ್ಮೆ ನನ್ನ ಜಾಯಮಾನದಲ್ಲೇ ಇಲ್ಲ.

‘ಅಮ್ಮ ಆಸ್ಪತ್ರೇಲಿದ್ದಾಗ ನೀವು ಯಾಕೆ ಬರಲಿಲ್ಲ?’

ತುತ್ತು ಕೈಯಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ, ತಟ್ಟೆ ನೋಡಿದರು.

‘ಯಾರೂ ಹೇಳಲಿಲ್ಲ’ ಅಂದರು.

‘ಗೊತ್ತೇ ಇರಲಿಲ್ವಾ?’

‘ಯಾರೂ ಹೇಳಲಿಲ್ಲ’ ಅಂತ ಇನ್ನೊಮ್ಮೆ ಅಂದು ಎದ್ದು ಕೈ ತೊಳೆದರು.

ಜಗಳಕ್ಕೆ ಸೊಂಟ ಕಟ್ಟಿಕೊಂಡು ಬಂದಿದ್ದ ನನಗೆ ಎದುರಾಳಿಯೇ ಇಲ್ಲದ ಹಾಗಾಯಿತು. ಹೇಳದಿದ್ದರೆ ಯಾರಿಗಾದರೂ ಹೇಗೆ ಗೊತ್ತಾಗಬೇಕು? ಅಮ್ಮ ಹೇಳಲಿಲ್ಲ. ಆಂಟಿ ಫೋನು ಮಾಡಿದ್ದು ಎಲ್ಲ ಮುಗಿದ ಮೇಲೆ. ಹಾಗಾದರೆ ತಪ್ಪು ಅಮ್ಮನದು. ನನ್ನ ಸಿಟ್ಟೆಲ್ಲ ಗಾಡಿ ತಿರುಗಿಸಿದ ಹಾಗೆ ಅಮ್ಮನ ಮೇಲೆ ತಿರುಗಿತು. ನನ್ನನ್ನು ಒಬ್ಬಳನ್ನೇ ಆ ಹಾಸಿಗೆಯ ಪಕ್ಕ ಕೂರಿಸಿಕೊಂಡು, ಒಂದು ಸಾಲು ಬರೆಯದೆ, ಸೊಕ್ಕಿನಲ್ಲೇ ಸತ್ತಳು. ಸತ್ತವಳ ಮೇಲೆ ಸಿಟ್ಟು ಬಂದರೆ ಎಲ್ಲಿ ಹೋಗಿ ಜಗಳವಾಡುವುದು? ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಬೈಯುತ್ತಿದ್ದೆ. ನಿನಗೆ ನಾನು ಏನು ಅನ್ಯಾಯ ಮಾಡಿದ್ದೆ ಅಂತ ಗೋಡೆಗೆ ಕೇಳುತ್ತಿದ್ದೆ. ಕಣ್ಣೀರು ಒಂದು ಹನಿ ಬರುತ್ತಿರಲಿಲ್ಲ, ಬರೀ ಬೈಗುಳ ಬರುತ್ತಿತ್ತು.

ಮರುದಿನ ಕೆಳಗಿಳಿದಾಗ ಮೂಲೆಯಲ್ಲಿ ಒಟ್ಟಿದ್ದ ನೀಲಿ ಪ್ಲಾಸ್ಟಿಕ್ ಡಬ್ಬಿಗಳು ಕಣ್ಣಿಗೆ ಬಿದ್ದವು. ಅಂಗೈಯಗಲದವು, ಚಿಟಕ್ ಅಂತ ಮುಚ್ಚಿಕೊಳ್ಳುವಂಥವು. ಒಂದನ್ನು ಎತ್ತಿಕೊಂಡೆ. ಇಂಥ ಡಬ್ಬಿ ನಮ್ಮ ಮನೆಗೆ ಬರುತ್ತಿತ್ತು.

ಅಮ್ಮನ ಮುಂದಿನ ಒಂದು ಹಲ್ಲು ಕಟ್ಟಿಸಿದ್ದು. ಹದಿನಾಲ್ಕು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡಿದ್ದಳು. ಅಂಗುಳಿಗೆ ಅಂಟಿಕೊಳ್ಳುವ ಗುಲಾಬಿ ತಟ್ಟೆ, ಅದರ ತುದಿಯಲ್ಲಿ ಒಂಟಿ ಹಲ್ಲು. ನಾನು ಚಿಕ್ಕವಳಿದ್ದಾಗ ನಾಲಿಗೆಯಿಂದ ಅದನ್ನು ಮುಂದೆ ತಳ್ಳಿ ನನ್ನನ್ನು ನಗಿಸುತ್ತಿದ್ದಳು. ಎರಡು ಮೂರು ವರ್ಷಕ್ಕೊಮ್ಮೆ ತಟ್ಟೆ ಸಡಿಲವಾದಾಗ ಬಿಸಿನೀರಲ್ಲಿ ಮೇಣ ಮೆತ್ತಗೆ ಮಾಡಿ, ತಟ್ಟೆಯ ಒಳಗೆ ಹಚ್ಚಿ, ಕಣ್ಣು ಮುಚ್ಚಿಕೊಂಡು ಕಚ್ಚಿ ಕೂರುತ್ತಿದ್ದಳು. ಆಮೇಲೆ ‘ಲ್ಯಾಬಿಗೆ ಹೋಗ್ಬೇಕು’ ಅಂತ ಡಬ್ಬಿಯಲ್ಲಿ ಹಾಕಿ ಅಂಚೆಗೆ ಕೊಡುತ್ತಿದ್ದಳು. ಎಲ್ಲರ ಅಮ್ಮಂದಿರೂ ಹೀಗೇ ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ಲ್ಯಾಬು ಅಂದರೆ ಈ ಮನೆ ಅಂತ ನನಗೆ ಯಾರು ಹೇಳಬೇಕು?

‘ಅಮ್ಮನ ಹಲ್ಲು ಇಲ್ಲಿಗೇ ಬರ್ತಿತ್ತಾ?’

‘ಹೂಂ.’

‘ಎಷ್ಟು ಸಲ?’

‘ಏಳು.’

‘ಜೊತೆಗೆ ಕಾಗದ?’

‘ಇಲ್ಲ. ಹಲ್ಲು ಬರೋದು. ಸರಿ ಮಾಡಿ ಕಳಿಸೋದು.’

ಅಮ್ಮ ಈ ಮನೆ ಬಿಟ್ಟು ಹದಿನೇಳು ವರ್ಷ. ಅವಳು ಕಳಿಸಿದಳು, ಇವರು ರಿಪೇರಿ ಮಾಡಿದರು, ಅವಳು ಬಾಯಿಗಿಟ್ಟುಕೊಂಡಳು. ಇವರು ಕೊಟ್ಟ ಹಲ್ಲಿನಲ್ಲೇ ಅವಳು ಊಟ ಮಾಡಿದಳು, ಕೌಂಟರಿಗೆ ಬಂದವರನ್ನೆಲ್ಲ ನೋಡಿ ನಕ್ಕಳು, ನನ್ನನ್ನು ಬೈದಳು. ಆದರೆ ಇಬ್ಬರೂ ಒಂದಕ್ಷರ ಬರೆಯಲಿಲ್ಲ. ಇಂಥ ಹಟಮಾರಿಗಳನ್ನು ಒಂದೇ ಮನೆಯಲ್ಲಿ ಹುಟ್ಟಿಸಿದ ದೇವರಿಗೆ ಬೇರೆ ಕೆಲಸ ಇರಲಿಲ್ಲವೋ ಏನೋ.

ಅಷ್ಟಾದರೂ ಮೂರು ವಾರ ಅಲ್ಲೇ ಉಳಿದೆ. ತಿಂಗಳ ಕೊನೆ ಇನ್ನೂ ಬಂದಿರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ. ಸುಮ್ಮನೆ ಕೂತರೆ ಅಮ್ಮ ಕಣ್ಣ ಮುಂದೆ ಬರುತ್ತಿದ್ದಳು. ಒಂದು ಬೆಳಿಗ್ಗೆ ತಾತ ರಬ್ಬರಿನ ಬೋಗುಣಿ ನನ್ನ ಮುಂದಿಟ್ಟು ‘ಪ್ಲಾಸ್ಟರ್ ಕಲಸ್ತೀಯಾ?’ ಅಂದರು. ನೀರು, ಪುಡಿ, ಬೇಗ ಬೇಗ ಕಲಸಬೇಕು. ಕಲಸಿದ ಮೇಲೆ ಬೋಗುಣಿಯನ್ನು ಮೇಜಿಗೆ ಕುಟ್ಟಬೇಕು, ಇಲ್ಲದಿದ್ದರೆ ಒಳಗೆ ಗಾಳಿಗುಳ್ಳೆ ಉಳಿದು ಅಚ್ಚು ಕೆಡುತ್ತದೆ. ಕುಟ್ಟುವುದೊಂದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಜಿನ ಮೇಲಿದ್ದ ಸಾಮಾನೆಲ್ಲ ಕುಣಿಯುವ ಹಾಗೆ ಕುಟ್ಟಿದೆ. ಅಚ್ಚು ಬಿಡಿಸಿದಾಗ ತಾತ ಬೆಳಕಿಗೆ ಹಿಡಿದು ನೋಡಿದರು.

‘ಒಂದು ಗುಳ್ಳೆ ಇಲ್ಲ’ ಅಂದರು. ‘ನಿಮ್ಮಮ್ಮನೂ ಹೀಗೇ ಕುಟ್ಟೋಳು.’

ಸಿಟ್ಟಿಗೂ ಒಂದು ಉಪಯೋಗ ಸಿಕ್ಕಿತಲ್ಲ ಅಂದುಕೊಂಡೆ. ಒಂದೊಂದು ಸಲ, ಇವರಿಗೆ ಗೊತ್ತಿದ್ದಿದ್ದರೆ ಬರುತ್ತಿದ್ದರೇನೋ ಅಂತಲೂ ಅನಿಸುತ್ತಿತ್ತು. ಆಗ ಅಮ್ಮನ ಮೇಲೆ ಇನ್ನಷ್ಟು ಕೆರಳುತ್ತಿದ್ದೆ.

ಹಾಸ್ಟೆಲಿಗೆ ಹೇಳಬೇಕಾಗಿದ್ದ ದಿನದ ಹಿಂದಿನ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಬಸ್ಸಿನ ಡ್ರೈವರ್ ಒಬ್ಬರು ಬಂದರು. ಆಜಾನುಬಾಹು ಮನುಷ್ಯ, ಮೂರು ಬೀದಿಗೆ ಕೇಳಿಸುವ ಗಂಟಲು. ಕೆಳಗಿನ ಸೆಟ್ಟನ್ನು ಬಾಯಿಂದ ತೆಗೆದು ಮೇಜಿನ ಮೇಲೆ ಟಪ್ ಅಂತ ಇಟ್ಟರು.

‘ಏನು ಕೆಲ್ಸ ಮಾಡಿಕೊಟ್ಟಿದೀರಿ ಮಾರಾಯ್ರೇ. ಮಾಡಿಸಿ ಎರಡು ವರ್ಷ ಆಗಿಲ್ಲ, ಹಾರ್ನ್ ಹೊಡೆದ್ರೆ ಸಾಕು, ಬಾಯೊಳಗೆ ಗಡಗಡ ಅಲ್ಲಾಡತ್ತೆ.’

ತಾತ ಹೊಸದಾಗಿ ಅಳತೆ ತೆಗೆದರು, ನಾನು ಪ್ಲಾಸ್ಟರ್ ಹುಯ್ದೆ. ಗಟ್ಟಿಯಾಗುವ ತನಕ ಡ್ರೈವರ್ ಊರಿನ ರಸ್ತೆಗಳನ್ನೆಲ್ಲ ಬೈದು ಮುಗಿಸಿದರು. ಆಮೇಲೆ ತಾತ ಹಲಗೆಯಿಂದ ಅವರದೇ ಹಳೆಯ ಅಚ್ಚನ್ನು ತೆಗೆದು ಹೊಸದರ ಪಕ್ಕ ಇಟ್ಟರು. ಹೆಬ್ಬೆರಳಿನಿಂದ ಒಂದರ ವಸಡಿನ ದಿಣ್ಣೆಯನ್ನು ಸವರಿದರು, ಆಮೇಲೆ ಇನ್ನೊಂದನ್ನು. ಮತ್ತೆ ಮೊದಲನೆಯದನ್ನು.

‘ಎಷ್ಟು ತಿಂಗಳಲ್ಲಿ ಇಳಿದ್ರಿ?’ ಅಂದರು.

‘ಏನಿಳಿಯೋದು?’

‘ತೂಕ. ಏಳೆಂಟು ಕೆಜಿ ಹೋಗಿದೆ. ಐದಾರು ತಿಂಗಳಲ್ಲಿ ಇರ್ಬೇಕು.’

ಡ್ರೈವರರ ಕೈ ತಾನಾಗಿ ಸೊಂಟದ ಬೆಲ್ಟಿಗೆ ಹೋಯಿತು. ಬೆಲ್ಟಿಗೆ ಮೊಳೆಯಿಂದ ಹೊಡೆದ ಎರಡು ಹೊಸ ತೂತು ಇದ್ದವು.

‘ಮೈ ಇಳಿದ್ರೆ ವಸಡೂ ಇಳಿಯತ್ತೆ. ನನ್ನ ಕೆಲ್ಸ ಕೆಟ್ಟಿಲ್ಲ, ನಿಮ್ಮ ಆರೋಗ್ಯ ಕೆಟ್ಟಿದೆ. ಸೆಟ್ಟು ಆಮೇಲೆ ನೋಡೋಣ. ಇವತ್ತೇ ಡಾಕ್ಟರ ಹತ್ರ ಹೋಗಿ. ಈ ಬೆರಳು ಸುಳ್ಳು ಹೇಳಲ್ಲ.’

ಇಷ್ಟು ಮಾತು ಅವರ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಡ್ರೈವರ್ ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಸದ್ದಿಲ್ಲದೆ ಹೋದರು. ನಾನು ಬೋಗುಣಿ ತೊಳೆಯುತ್ತ ನಿಂತಿದ್ದವಳು ನಿಂತಲ್ಲೇ ನಿಂತೆ. ನಲ್ಲಿ ಹರಿಯುತ್ತಲೇ ಇತ್ತು.

ಈ ಬೆರಳಿಗೆ ಗೊತ್ತಾಗುತ್ತದೆ.

ನಲ್ಲಿ ನಿಲ್ಲಿಸಿ ಸ್ಟೂಲು ಹತ್ತಿದೆ. ‘ಏನು ಬೇಕು?’ ಅಂದರು ತಾತ. ಎಲ್ಲರ ಅಚ್ಚೂ ಇಟ್ಟಿರುವವರು ಅಮ್ಮನದನ್ನು ಎಸೆದಿರುತ್ತಾರಾ? ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಒಂದು ಬಟ್ಟೆಯ ಹಿಂದೆ, ಎಂಟು ಅಚ್ಚುಗಳು ಒಂದೇ ಸಾಲಿನಲ್ಲಿದ್ದವು. ಹೆಸರಿಲ್ಲ, ತಾರೀಕು ಮಾತ್ರ. ಮೊದಲನೆಯದು ಚಿಕ್ಕ ಹುಡುಗಿಯ ಬಾಯಿ. ಎಂಟರಲ್ಲೂ ಮೇಲಿನ ಸಾಲಿನಲ್ಲಿ ಅದೇ ಒಂದು ಹಲ್ಲಿನ ಜಾಗ ಖಾಲಿ. ಕೊನೆಯ ಎರಡನ್ನು ಎತ್ತಿಕೊಂಡು ಇಳಿದೆ. ನಾನು ಕಲಿತದ್ದು ಮೂರು ವಾರದ ಕೆಲಸ, ಆದರೂ ಬೆರಳಿಟ್ಟ ಕೂಡಲೇ ಗೊತ್ತಾಯಿತು. ಮೂರು ವರ್ಷದ ಹಿಂದಿನದರಲ್ಲಿ ವಸಡು ತುಂಬಿಕೊಂಡಿತ್ತು. ಕೊನೆಯದರಲ್ಲಿ ಬತ್ತಿಹೋಗಿತ್ತು. ಅದರ ತಾರೀಕು ಅಮ್ಮ ಸಾಯುವ ಏಳು ವಾರದ ಹಿಂದಿನದು.

ಎರಡನ್ನೂ ಅವರ ಮುಂದೆ ಇಟ್ಟೆ.

‘ಮುಟ್ಟಿ’ ಅಂದೆ.

ಅವರು ಕೈ ತೊಡೆಯ ಮೇಲಿಟ್ಟುಕೊಂಡರು.

‘ಮುಟ್ಟಿ. ಡ್ರೈವರಿಗೆ ಹೇಳಿದ ಹಾಗೆ ಹೇಳಿ. ಎಷ್ಟು ಕೆಜಿ?’

‘ಬೇಡ ಮಗೂ.’

‘ಮಗು ಗಿಗು ಅನ್ನಬೇಡಿ. ಎಷ್ಟು ಕೆಜಿ ಹೇಳಿ.’

ಮುಟ್ಟದೆಯೇ ಹೇಳಿದರು. ‘ಹದಿನೈದು. ಹೆಚ್ಚೂ ಇರಬಹುದು.’

‘ಯಾವತ್ತು ಗೊತ್ತಾಯ್ತು?’

‘ಅಚ್ಚು ಬಿಡಿಸಿದ ದಿನಾನೇ.’

‘ಮತ್ತೆ ನಂಗೆ ಏನು ಹೇಳಿದ್ರಿ? ಯಾರೂ ಹೇಳಲಿಲ್ಲ ಅಂದ್ರಿ.’

‘ಹೇಳಲಿಲ್ಲ ನಿಜ...’

‘ಅಮ್ಮ ಹೇಳಿದ್ಲು.’ ನನ್ನ ದನಿ ಏರಿದ್ದು ನನಗೇ ಕೇಳಿಸಿತು. ‘ಇದೇ ಕೋಣೇಲಿ ಬೆಳೆದೋಳು ಅವ್ಳು. ಮೇಣದಲ್ಲಿ ಏನೇನು ಕಾಣತ್ತೆ ಅಂತ ಅವ್ಳಿಗೆ ಗೊತ್ತಿರಲಿಲ್ವಾ? ಹಾಸಿಗೆಯಿಂದ ಎದ್ದು ಕೂರಕ್ಕೆ ಆಗ್ತಿರಲಿಲ್ಲ. ಅಂಥೋಳಿಗೆ ಹಲ್ಲು ಬಿಗಿ ಮಾಡಿಸೋ ದರ್ದು ಏನಿತ್ತು? ನಾನೇ ಬಿಸಿನೀರಿನ ಲೋಟ ಹಿಡ್ಕೊಂಡಿದ್ದೆ. ಅವ್ಳ ಕೈ ನಡುಗ್ತಿತ್ತು, ಎರಡು ಸಲ ಕೆಟ್ಟೋಯ್ತು, ಮೂರನೇ ಸಲ ಕಚ್ಚಿದ್ಲು. ಸಾಯೋಕೆ ಬಿದ್ದಿರೋಳಿಗೆ ಎಂಥ ಶೋಕಿ ಅಂತ ನಾನು ಬೈದೆ. ಅವತ್ತೂ ಬೈದೆ, ಇಲ್ಲಿ ಬಂದೂ ಮೂರು ವಾರ ಬೈದೆ. ನಿನ್ನಿಂದ. ನೀನು ಹೇಳಿದ ಸುಳ್ಳಿಂದ ನಾನು ಸತ್ತಿರೋ ನಮ್ಮಮ್ಮನ್ನ ದಿನಾ ಬೈದೆ.’

ನೀವು ಹೋಗಿ ನೀನು ಆಗಿತ್ತು. ಆಗಲಿ ಅಂದುಕೊಂಡೆ. ಕಾಗದ ಬರೆಯಲು ಅಮ್ಮನಿಗೆ ಸೊಕ್ಕು ಬಿಟ್ಟಿರಲಿಲ್ಲ, ಅದಕ್ಕೇ ತನ್ನ ಬಾಯಿಯನ್ನೇ ಕಳಿಸಿದ್ದಳು. ಈ ಮನುಷ್ಯ ಅದನ್ನು ಓದಿ, ತಾರೀಕು ಹಾಕಿ, ಹಲಗೆಯ ಮೇಲೆ ಇಟ್ಟಿದ್ದರು.

‘ಡಬ್ಬಿ ವಾಪಸ್ ಬಂದಾಗ ಏನಾಯ್ತು ಗೊತ್ತಾ?’ ಅಂದೆ. ನೋಯಿಸಬೇಕು ಅಂತಲೇ ಹೇಳಿದೆ, ಸುಳ್ಳೇಕೆ. ‘ಎರಡು ವಾರ ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಇಟ್ಕೊಂಡು, ಪೋಸ್ಟ್ ಬಂತಾ, ಪೋಸ್ಟ್ ಬಂತಾ ಅಂತ ನನ್ನ ಪ್ರಾಣ ತಿಂದಿದ್ಲು. ಬಂತು. ತೆಗೆದ್ಲು. ಹಲ್ಲನ್ನ ಪಕ್ಕಕ್ಕಿಟ್ಲು, ನೋಡಲೂ ಇಲ್ಲ. ಹತ್ತಿ ತೆಗೆದು ಕೊಡವಿ ನೋಡಿದ್ಲು. ಡಬ್ಬಿ ಬೋರಲು ಹಾಕಿ ತಟ್ಟಿದ್ಲು. ಹೊರಗಿನ ಕವರ್ ಕೊಡು ಅಂದ್ಲು, ಅದನ್ನೂ ಹರಿದು ಬಿಡಿಸಿ ನೋಡಿದ್ಲು. ಏನಮ್ಮ ಹುಡುಕ್ತಿದೀಯ ಅಂತ ಕೇಳಿದ್ರೆ, ಏನಿಲ್ಲ, ಹತ್ತಿ ಯಾಕೋ ಜಾಸ್ತಿ ಹಾಕಿದಾರೆ ಅಂದ್ಲು. ಆಮೇಲೆ ಗೋಡೆ ಕಡೆ ತಿರುಗಿ ಮಲ್ಕೊಂಡ್ಲು.’

ತಾತನ ಬಾಯಿ ಸ್ವಲ್ಪ ತೆರೆದಿತ್ತು.

‘ಜಾಸ್ತೀನೇ ಹಾಕಿದ್ದೆ’ ಅಂದರು. ‘ಒಂದು ಚೀಟಿ ಬರೆದಿದ್ದೆ. ಮಡಚಿ ಹಲ್ಲಿನ ಕೆಳಗೆ ಇಟ್ಟಿದ್ದೆ. ಅಂಚೆಗೆ ಕೊಡೋಕೆ ಹೊರಟಾಗ, ಹದಿನೇಳು ವರ್ಷ ಆದ್ಮೇಲೆ ನಾನೇ ಯಾಕೆ ಮೊದಲು ಅನ್ನಿಸ್ತು. ಅವಳೇ ಬರೀಲಿ, ಒಂದು ಸಾಲು ಬರೀಲಿ, ಓಡಿ ಹೋಗ್ತೀನಿ ಅಂತ. ಚೀಟಿ ತೆಗೆದೆ. ಡಬ್ಬಿ ಒಳಗೆ ಹಲ್ಲು ಅಲ್ಲಾಡ್ತಿತ್ತು. ಆ ಜಾಗಕ್ಕೆ ಹತ್ತಿ ತುಂಬಿದೆ.’

‘ಏನು ಬರೆದಿದ್ದೆ?’

‘ಬರಲಾ ಅಂತ.’

‘ಅಷ್ಟೇನಾ?’

‘ಅಷ್ಟೇ.’

ಅಷ್ಟೇ. ಏಳು ವಾರ ಇತ್ತು ಇವರ ಕೈಯಲ್ಲಿ. ಅಮ್ಮ ಕವರ್ ಹರಿದ ಮೇಲೂ ಐದು ವಾರ ಬದುಕಿದ್ದಳು. ನನಗೆ ಏನಾಯಿತೋ, ಹೊಟ್ಟೆಯ ಬುಡದಿಂದ ಅಳು ಕಿತ್ತುಕೊಂಡು ಬಂತು. ಆಸ್ಪತ್ರೆಯಲ್ಲಿ ಬಾರದ್ದು, ಸ್ನಾನದ ಕೋಣೆಯಲ್ಲಿ ಬಾರದ್ದು, ಎಲ್ಲ ಸೇರಿಸಿ ಬಂತು. ತಾತ ಎದ್ದು ಬಂದು ತಲೆಯ ಮೇಲೆ ಕೈ ಇಡಲು ನೋಡಿದರು, ತಳ್ಳಿದೆ. ಮತ್ತೆ ಇಟ್ಟರು, ಮತ್ತೆ ತಳ್ಳಿದೆ.

‘ಕೇಳೋದೇನಿತ್ತು’ ಅಂದೆ ಬಿಕ್ಕುತ್ತ. ‘ಬರಲಾ ಅಂತ ಏನು ಕೇಳೋದು? ಬರಬೇಕಿತ್ತು. ನೀನು ಸುಮ್ನೆ ಬರಬೇಕಿತ್ತು.’

ಇನ್ನೂ ಹೇಳುವುದು ಬೇಕಾದಷ್ಟಿತ್ತು, ಅಳು ಬಿಡಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಊಟ ಮಾಡಲಿಲ್ಲ. ತಾತ ಊಟಕ್ಕೆ ಮೇಲೆ ಬಂದ ಸದ್ದೂ ಕೇಳಲಿಲ್ಲ. ಉತ್ತರ ಸಿಕ್ಕಿತ್ತು. ಇನ್ನು ಅಲ್ಲಿರುವ ಕಾರಣ ಮುಗಿದಿತ್ತು. ಬಟ್ಟೆಗಳನ್ನೆಲ್ಲ ಬ್ಯಾಗಿಗೆ ತುಂಬಿ, ಜಿಪ್ಪು ಎಳೆದು, ಅದರ ಮೇಲೆ ತಲೆಯಿಟ್ಟು ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಆಂಟಿಯ ಫೋನು ಬಂತು.

‘ಹಾಸ್ಟೆಲಿನವರು ಇವತ್ತೇ ಹೇಳ್ಬೇಕು ಅಂತಿದಾರೆ ಪುಟ್ಟೀ. ಏನು ಹೇಳ್ಲಿ?’

ಬ್ಯಾಗು ನೋಡಿದೆ. ನಾನು ಹೋದರೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ನಾನು ಹಾಸ್ಟೆಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತೇನೆ, ಅವರು ಇಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಅವರು ಮೊದಲು ಮಾತಾಡಲಿ ಅಂತ ನಾನು, ಅವಳೇ ಮೊದಲು ಮಾತಾಡಲಿ ಅಂತ ಅವರು. ಹದಿನೇಳು ವರ್ಷ ಎಷ್ಟು ಹೊತ್ತಿನ ಮಾತು.

‘ಬೇಡ ಅಂತ ಹೇಳಿ ಆಂಟಿ.’

‘ಓ, ಹಾಗಾದ್ರೆ ತಾತನ ಜೊತೆ ಹೊಂದ್ಕೊಂಡೆ ಅನ್ನು.’

‘ಎಲ್ಲಿ ಬಂತು ಹೊಂದ್ಕೊಳ್ಳೋದು. ಮುಖ ಕಂಡ್ರೆ ಮೈ ಉರಿಯತ್ತೆ.’

‘ಮತ್ತೆ ಯಾಕೇ ಇರ್ತೀಯ ಅಲ್ಲಿ?’

‘ಇನ್ನೂ ಬೈದು ಮುಗಿದಿಲ್ಲ’ ಅಂದೆ.

ಫೋನಿಟ್ಟು ಕೆಳಗಿಳಿದೆ. ತಾತ ನಿನ್ನೆಯ ಅಂಗಿಯಲ್ಲೇ ಮೇಜಿನ ಮುಂದೆ ಕೂತಿದ್ದರು. ಕೆಲಸವೇನೂ ಶುರು ಮಾಡಿರಲಿಲ್ಲ. ಕಣ್ಣು ಕೆಂಪಗೆ ಊದಿಕೊಂಡಿತ್ತು. ನನ್ನ ಕೈ ನೋಡಿದರು, ಬ್ಯಾಗು ಇಲ್ಲದ್ದು ನೋಡಿದರು.

‘ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ?’ ಅಂತ ಕೇಳಿದೆ.

‘ಸುಮ್ನೆ ಬರಬೇಕಿತ್ತು, ಅಂದಲ್ಲಿಗೆ’ ಅಂದರು.

ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಅಲ್ಲಿಂದಲೇ ಶುರು ಮಾಡಿದೆ.